ಸಲೋಮಿ ಆಯಿಯ ಮೂಗಿನ ರೊಟ್ಟಿ

ಸಲೋಮಿ ಆಯಿ ತಟ್ಟಿದ ರೊಟ್ಟಿಗೆ ಮೂಗಿರುತ್ತಿತ್ತು. ಸುತ್ತಲೂ ಹೆಚ್ಚುಕಡಿಮೆ ದುಂಡಗೇ ಇದ್ದು, ಒಂದು ಕಡೆ ಮಾತ್ರ ಹೆಬ್ಬೆಟ್ಟಿನಷ್ಟು ಹಿಟ್ಟು ಹೊರಗೆ ಇಣುಕುತ್ತಿತ್ತು. ಚಿಕ್ಕವರಿದ್ದಾಗ ಬೇವಿನ ಗಿಡದಿಂದ ಬಿದ್ದು ಅವರ ಬಲಗೈಯ ಕಿರುಬೆರಳು ಮುರಿದಿತ್ತಂತೆ. ನಾಟಿ ವೈದ್ಯರು ಕಟ್ಟಿದ ಕಟ್ಟು ಬಿಚ್ಚಿದಾಗ ಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ರೊಟ್ಟಿಯನ್ನು ತಿರುಗಿಸುತ್ತ ತಟ್ಟುವಾಗ ಕೊನೆಯ ಸುತ್ತಿನಲ್ಲಿ ಆ ಬೆರಳು ಹಿಟ್ಟನ್ನು ಒಂದಿಷ್ಟು ಆಚೆಗೆ ನೂಕುತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಜಾಣತನವನ್ನು ರೊಟ್ಟಿಯ ದುಂಡಿನಿಂದಲೇ ಅಳೆಯುತ್ತಾರೆ. ಹಾಗಿದ್ದೂ ಆಯಿ ಆ ಮೂಗನ್ನು ಒಂದು ದಿನವೂ ಮಡಚಿ ಮುಚ್ಚಲಿಲ್ಲ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಬೀದರಿನಲ್ಲಿ ಚರ್ಚಿನ ಹಿಂದೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು. ಆಯಿ ಅಲ್ಲಿ ಅಡುಗೆಯವರು. ಠಾಣಾ ಕುಶನೂರಿನಿಂದ ನನ್ನನ್ನು ಐದನೇ ಇಯತ್ತೆಗೆ ತಂದು ಬಿಟ್ಟಾಗ ಅಲ್ಲಿ ನಾವು ಅರವತ್ತು ಹುಡುಗಿಯರಿದ್ದೆವು. ದಿನಕ್ಕೆ ಎರಡು ಹೊತ್ತು ಅರವತ್ತು ಹೊಟ್ಟೆಗೆ ರೊಟ್ಟಿ ತಟ್ಟುವವರಿಗೆ ದುಂಡು ನೋಡುತ್ತ ಕೂರಲು ಎಲ್ಲಿ ಪುರುಸೊತ್ತು? ಬಿಸಿಯಾಗಿರಬೇಕು, ಬೆಂದಿರಬೇಕು, ಎಲ್ಲರಿಗೂ ಮುಟ್ಟಬೇಕು, ಅಷ್ಟೇ ಅವರ ಕಾನೂನು. ನಮಗೋ ಆ ಮೂಗೇ ಬೇಕು. ಅದು ರೊಟ್ಟಿಯ ಎಲ್ಲ ಭಾಗಕ್ಕಿಂತ ಗರಿಗರಿಯಾಗಿರುತ್ತಿತ್ತು. ಪಕ್ಕದವಳ ತಟ್ಟೆಯಿಂದ ಮೂಗು ಮುರಿದುಕೊಂಡು ಓಡಿದ ತಪ್ಪಿಗೆ ನಾನು ಎರಡು ಸಲ ವಾರ್ಡನ್ ಮುಂದೆ ನಿಂತಿದ್ದೇನೆ.

ಆಯಿಗೆ ಇನ್ನೊಂದು ಗುಣವಿತ್ತು. ಯಾರು ಉಂಡಿಲ್ಲ ಅನ್ನುವುದು ಅವರಿಗೆ ಹೇಗೋ ತಿಳಿದುಬಿಡುತ್ತಿತ್ತು. ಒಲೆಯ ಕಡೆ ಮುಖ ಮಾಡಿ ಕೂತಿದ್ದರೂ ಸಾಲಿನಲ್ಲಿ ಒಂದು ತಟ್ಟೆ ಕಡಿಮೆಯಾದದ್ದು ಬೆನ್ನಿಗೇ ಗೊತ್ತಾಗುತ್ತಿತ್ತೇನೋ.

ನಾನು ಹೋದ ವರ್ಷವೇ ಹಾಸ್ಟೆಲಿನಲ್ಲಿ ಸತ್ಯವೇದದ ವಚನಗಳ ಕಂಠಪಾಠದ ಸ್ಪರ್ಧೆ ನಡೆಯಿತು. ನನಗೆ ಎಲ್ಲದರಲ್ಲೂ ಮೊದಲು ಬರುವ ರೋಗ ಆಗಲೇ ಅಂಟಿತ್ತು. ಎಲ್ಲರ ಮುಂದೆ ನಿಂತು ಶುರು ಮಾಡಿದೆ, ಎರಡನೇ ಸಾಲು ಮರೆತೆ. ಯಾರೂ ಬೈಯಲಿಲ್ಲ. ನನಗೆ ನಾನೇ ಶಿಕ್ಷೆ ಕೊಟ್ಟುಕೊಂಡು ಸಂಜೆ ಊಟಕ್ಕೆ ಹೋಗದೆ ಚಾದರ ಹೊದ್ದು ಮಲಗಿದೆ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಕೈಯೊಂದು ಚಾದರ ಎಳೆಯಿತು.

"ಏಳು ಪಮ್ಮಿ, ಉಣ್ಲಾಕ ಏಳು. ತಪ್ಪು ಎಲ್ಲಿಗೂ ಓಡಿ ಹೋಗಂಗಿಲ್ಲ, ನಾಳಿಗೂ ಇರ್ತದ. ರೊಟ್ಟಿ ಆರ್ತದ."

ನನ್ನ ಹೆಸರು ಪ್ರಮೀಳಾ. ಪಮ್ಮಿ ಎಂದು ಮೊದಲು ಕರೆದವರು ಅವರೇ. ಅವತ್ತು ನಾಲ್ಕು ರೊಟ್ಟಿ ಉಂಡೆ, ನಾಲ್ಕಕ್ಕೂ ಮೂಗಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಆಯಿಯನ್ನು ದೊಡ್ಡ ಸಂತರೆಂದು ಯಾರೂ ತಿಳಿಯಬಾರದು. ಹುಡುಗಿಯರನ್ನು ಉಳಿಸಲು ವಾರ್ಡನ್ ಹತ್ತಿರ ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಿದ್ದರು. ಚರ್ಚಿನಲ್ಲಿ ಹಾಡುವಾಗ ಇಡೀ ಸಭೆಗಿಂತ ಅರ್ಧ ಸಾಲು ಮುಂದಿರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರಿಗೆ ಮಿಶ್ರಿಯ ಚಟವಿತ್ತು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿ ನಮ್ಮ ಗಡಿಯ ಮುದುಕಿಯರ ದೊಡ್ಡ ಸುಖ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ ಕಾಲ ಬಂದಾಗಲೆಲ್ಲ ಆಯಿ ಅದನ್ನು ಬಿಡುತ್ತೇನೆಂದು ದೇವರಿಗೆ ಮಾತು ಕೊಡುತ್ತಿದ್ದರು. ಪ್ರತಿ ವರ್ಷವೂ ನಡುವೆಯೇ ಮಾತು ಮುರಿದು ಬೀಳುತ್ತಿದ್ದರು. ಬಿದ್ದದ್ದನ್ನು ಮುಚ್ಚಿಡುವ ಪೈಕಿಯೂ ಅಲ್ಲ. ಸಭೆಯಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಉಳಿದವರು ಜ್ವರ ಬಿಟ್ಟದ್ದು, ಮಗನಿಗೆ ನೌಕರಿ ಸಿಕ್ಕದ್ದು ಹೇಳಿದರೆ ಆಯಿ ಸೆರಗು ಹೊದ್ದು ಎದ್ದು ನಿಂತು, "ಹೋದ ವರ್ಷ ಒಂಬತ್ತನೇ ದಿನಕ್ಕ ಬಿದ್ದಿದ್ದೆ. ಈ ವರ್ಷ ಹನ್ನೆರಡಕ್ಕ ಬಿದ್ದೀನಿ. ದೇವರಿಗಿ ಸ್ತೋತ್ರ," ಅಂದು ಕೂತುಬಿಡುತ್ತಿದ್ದರು. ಸಭೆಗೆ ಸಭೆಯೇ ನಗುತ್ತಿತ್ತು. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಮೂರು ದಿನ ಹೆಚ್ಚಿಗೆ ಗೆದ್ದದ್ದು ಅವರಿಗೆ ಖರೇನೇ ಸಂತೋಷ.

ಅವರ ಪ್ರಾರ್ಥನೆಯೂ ಅಷ್ಟೆ. ಒಲೆಯ ಮೇಲೆ ಹಾಲಿಟ್ಟೇ ಕಣ್ಣು ಮುಚ್ಚುತ್ತಿದ್ದರು. ಊರಿನ ರೋಗಿಗಳು, ಬಸುರಿಯರು, ಪರೀಕ್ಷೆ ಬರೆಯುವವರು ಎಲ್ಲರ ಹೆಸರು ಹೇಳುತ್ತ ಹೋಗಿ ನಡುವೆ ಮೂಗರಳಿಸಿ, "ಸ್ವಾಮಿ, ಜರಾ ತಡೀರಿ, ಹಾಲು ಉಕ್ಕಲತ್ತದ," ಎಂದು ಎದ್ದು ಒಲೆ ಆರಿಸಿ, ಬಂದು ಕೂತು, "ಹಾಂ, ಎಲ್ಲಿದ್ದೆ?" ಎಂದು ಮುಂದುವರಿಸುತ್ತಿದ್ದರು. ದೇವರನ್ನು ಹಾಗೆ ಕಾಯಿಸಬಹುದೇ ಎಂದು ನಾನೊಮ್ಮೆ ಗಂಭೀರವಾಗಿ ಕೇಳಿದ್ದೆ. ಉಕ್ಕಿದರೆ ಒಲೆ ಒರೆಸುವವಳು ತಾನು, ಅದು ಸ್ವಾಮಿಗೂ ಗೊತ್ತಿದೆ ಅಂದರು.

ವರ್ಷಗಳು ಕಳೆದವು. ಕೆಲಸದಿಂದ ಬಿಡುಗಡೆಯಾದ ಮೇಲೆ ಆಯಿ ಭಾಲ್ಕಿಗೆ, ಸ್ಟೇಷನ್ ಹಿಂದಿನ ಓಣಿಯಲ್ಲಿದ್ದ ಮಗಳು ಸುಮಿತ್ರಕ್ಕನ ಮನೆಗೆ ಬಂದರು. ನಾನೂ ಗಣಿತದ ಶಿಕ್ಷಕಿಯಾಗಿ ಭಾಲ್ಕಿಗೇ ಬಂದೆ. ಅಲ್ಲಿನ ನಮ್ಮ ಪುಟ್ಟ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಸ್ವಾಮಿ ಕೊನೆಯ ಊಟದಲ್ಲಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟದ್ದರ ನೆನಪು. ಅದಕ್ಕೆ ಬೇಕಾದ ಗೋಧಿ ರೊಟ್ಟಿ ಮಾಡುವ ಕೆಲಸ ಆಯಿಯ ಪಾಲಿಗೆ ಬಂತು. ಗೋಧಿ ಹಿಟ್ಟಿಗೂ ಅವರು ಲಟ್ಟಣಿಗೆ ಮುಟ್ಟುತ್ತಿರಲಿಲ್ಲ, ಕೈಯಲ್ಲೇ ತಟ್ಟುತ್ತಿದ್ದರು. ಹೀಗಾಗಿ ಭಾಲ್ಕಿಯಲ್ಲಿ ಕರ್ತನ ಮೇಜಿನ ಮೇಲಿನ ರೊಟ್ಟಿಗೂ ಮೂಗು ಬಂತು.

ನನ್ನ ಪಾಲಿಗೆ ಬಂದದ್ದು ಹಾರ್ಮೋನಿಯಂ. ಜನ ಸಾಲುಸಾಲಾಗಿ ಮುಂದೆ ಹೋಗಿ ಮಂಡಿಯೂರಿ ರೊಟ್ಟಿ ತೆಗೆದುಕೊಳ್ಳುವಾಗ ನಾನು ಮೂಲೆಯಲ್ಲಿ ಕೂತು ಮೆಲ್ಲಗೆ ನುಡಿಸುತ್ತಿದ್ದೆ. ಕೊನೆಯ ಸಾಲು ಎದ್ದ ಮೇಲೂ ನುಡಿಸುತ್ತಲೇ ಇರುತ್ತಿದ್ದೆ. ನುಡಿಸುವವಳಿಗೆ ಏಳಲು ಬಿಡುವಿಲ್ಲ ಎಂದು ಎಲ್ಲರೂ ತಿಳಿದರು. ನನಗೆ ಬೇಕಾದದ್ದೂ ಅದೇ.

ನಿಜ ಹೇಳಬೇಕೆಂದರೆ, ನಾನು ಮೂರು ವರ್ಷದಿಂದ ಆ ರೊಟ್ಟಿ ಮುಟ್ಟಿರಲಿಲ್ಲ. ಒಮ್ಮೆ ತರಗತಿಯಲ್ಲಿ ಸಿಟ್ಟು ನೆತ್ತಿಗೇರಿ ಒಬ್ಬ ಹುಡುಗಿಯ ಕೈಗೆ ಸ್ಕೇಲಿನಿಂದ ಹೊಡೆದಿದ್ದೆ. ಅವಳು ಅಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಅವಳ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರೂ ಮನಸ್ಸು ತಿಳಿಯಾಗಲಿಲ್ಲ. ಮುಂದಿನ ಭಾನುವಾರ ಪಾದ್ರಿಗಳು, ಭೋಜನಕ್ಕೆ ಬರುವವರು ಮೊದಲು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು ಅಂದರು. ಗಣಿತದ ಟೀಚರಿಗೆ ಪರೀಕ್ಷೆ ಎಂದರೆ ಪರೀಕ್ಷೆಯೇ. ದಪ್ಪ ಕಾಗದದ ಒಂದು ನೋಟುಬುಕ್ಕು ತಂದೆ. ದಿನವೂ ಸಂಜೆ ಅವತ್ತಿನ ತಪ್ಪು ಬರೆದು ಕೆಂಪು ಶಾಯಿಯಲ್ಲಿ ಹತ್ತಕ್ಕೆ ಇಷ್ಟು ಎಂದು ನನಗೆ ನಾನೇ ಅಂಕ ಹಾಕತೊಡಗಿದೆ. ಪ್ರಾರ್ಥನೆಯಲ್ಲಿ ಮನಸ್ಸು ಅಲೆಯಿತು, ನಾಲ್ಕು. ಸಹೋದ್ಯೋಗಿಯ ಸೀರೆ ನೋಡಿ ಹೊಟ್ಟೆ ಉರಿಯಿತು, ಮೂರು. ಒಂದು ವಾರ ಪೂರ್ತಿ ಒಂಬತ್ತು ಬಂದರೆ ರೊಟ್ಟಿ ತೆಗೆದುಕೊಳ್ಳುವುದೆಂದು ಗೊತ್ತು ಮಾಡಿಕೊಂಡಿದ್ದೆ. ಒಮ್ಮೆ ಏಳು ಬಂತು. ಅದಕ್ಕೆ ಜಂಭಪಟ್ಟೆನೆಂದು ಮತ್ತೆ ಎರಡು ಕಳೆದೆ.

ಸಭೆಯಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಆದರೆ ಅರವತ್ತು ತಟ್ಟೆ ಕಾದವರಿಗೆ ತಿಳಿಯದೆ ಇರುತ್ತದೆಯೇ? ಒಂದು ಭಾನುವಾರ ಮಧ್ಯಾಹ್ನ ಆಯಿ ನಮ್ಮ ಮನೆಗೆ ಬಂದು, ಮೂರು ವರ್ಷವಾಯಿತು ನೀನು ನನ್ನ ರೊಟ್ಟಿ ಉಂಡಿಲ್ಲ ಎಂದು ನೇರವಾಗಿ ಹೇಳಿಬಿಟ್ಟರು. ಸುಳ್ಳು ಹೇಳಲಾಗಲಿಲ್ಲ. ನೋಟುಬುಕ್ಕು ತಂದು ಮುಂದಿಟ್ಟು ಅಂಕಗಳ ಲೆಕ್ಕ ಹೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಹಾಳೆ ತಿರುವುತ್ತ ಕೆಂಪು ಗುರುತುಗಳ ಮೇಲೆ ಸೊಟ್ಟ ಬೆರಳಾಡಿಸಿ, ಹೆಚ್ಚೆಂದರೆ ಎಷ್ಟು ಬಿದ್ದಿದೆ, ಎಷ್ಟು ಬಿದ್ದರೆ ಉಣ್ಣುತ್ತೀ ಎಂದು ಕೇಳಿದರು. ಏಳು ಬಿದ್ದಿದೆ, ಒಂಬತ್ತು ಬೇಕು ಅಂದೆ.

"ಒಂಬತ್ತು ಬಿದ್ದೋರಿಗಿ ಸ್ವಾಮಿ ಯಾಕ ಬೇಕು?" ಅಂದರು. "ಅವರು ಮನ್ಯಾಗ ನಿವಾಂತ ಇರ್ಲಿ. ನಾ ರೊಟ್ಟಿ ಮಾಡೋದು ನಾಲ್ಕು ಬಿದ್ದೋರಿಗಿ."

ನಕ್ಕು ಚಹಾ ಕೊಟ್ಟು ಕಳಿಸಿದೆ. ಮಾತು ಮನಸ್ಸಿಗೆ ಇಳಿಯಲಿಲ್ಲ. ಓದು ಬಾರದ ಮುದುಕಿ, ಪರಿಶುದ್ಧತೆಯ ಕಷ್ಟ ಇವರಿಗೇನು ಗೊತ್ತು ಎಂದು ಒಳಗೊಳಗೇ ಅಂದುಕೊಂಡೆ. ಅವತ್ತು ಸಂಜೆ ಆ ಯೋಚನೆಯನ್ನೂ ನೋಟುಬುಕ್ಕಿನಲ್ಲಿ ಬರೆದು ಎರಡು ಅಂಕ ಹಾಕಿಕೊಂಡೆ.

ಆ ವರ್ಷದ ಸುಗ್ಗಿ ಹಬ್ಬ ಮೊದಲ ಭಾನುವಾರವೇ ಬಿತ್ತು. ಹೊಲದ ಮೊದಲ ಪಾಲನ್ನು ತಂದು ದೇವರ ಮುಂದೆ ಇಡುವ ಹಬ್ಬ ಅದು. ಬೀದರಿನಿಂದ ಹಿರಿಯ ಪಾದ್ರಿಗಳು ಬರುವವರಿದ್ದರು. ವ್ಯವಸ್ಥೆಯೆಲ್ಲ ನನ್ನ ಮೇಲೆ. ಬೆಳಿಗ್ಗೆ ಬೇಗ ಹೋಗಿ ಮೇಜಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿ, ಹೂ ಜೋಡಿಸಿ, ಆಯಿ ಕಳಿಸಿದ್ದ ರೊಟ್ಟಿಯ ಬುಟ್ಟಿ ಬಿಚ್ಚಿದೆ. ಮೂಗುಗಳು ನನ್ನನ್ನೇ ನೋಡುತ್ತಿದ್ದವು. ಅಂಥ ಬಟ್ಟೆಯ ಮೇಲೆ, ಅಂಥವರ ಮುಂದೆ, ಇಂಥ ರೊಟ್ಟಿಯೇ? ಚರ್ಚಿನ ಅಡುಗೆ ಕೋಣೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರ ಮುಚ್ಚಳವನ್ನು ಒಂದೊಂದೇ ರೊಟ್ಟಿಯ ಮೇಲಿಟ್ಟು ಸುತ್ತಲೂ ಚಾಕು ಆಡಿಸಿದೆ. ರೊಟ್ಟಿಗಳೆಲ್ಲ ಹುಣ್ಣಿಮೆಯ ಚಂದ್ರನಂತೆ ಬಂದವು. ಕತ್ತರಿಸಿದ ಅಂಚು, ಮೂಗುಗಳನ್ನೆಲ್ಲ ಒಂದು ಬೋಗುಣಿಯಲ್ಲಿ ಹಾಕಿ ಮೂಲೆಗೆ ಸರಿಸಿದೆ.

ಅಷ್ಟರಲ್ಲಿ ಆಯಿ ಒಳಗೆ ಬಂದರು. ದುಂಡು ರೊಟ್ಟಿ ನೋಡಿದರು, ಬೋಗುಣಿ ನೋಡಿದರು, ನನ್ನ ಕೈಯಲ್ಲಿದ್ದ ಚಾಕು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ. ಒಂದು ಮೂಗು ಎತ್ತಿ ಬಾಯಿಗೆ ಹಾಕಿಕೊಂಡು, "ಬೇಶ್ ಗರಿಗರಿ ಆಗ್ಯಾವ," ಎಂದು ಬೋಗುಣಿಯ ಮೇಲೆ ಶುಭ್ರವಾದ ಬಟ್ಟೆ ಮುಚ್ಚಿ ಹೊರಗೆ ಹೋದರು.

ಆರಾಧನೆ ಶುರುವಾಗುವ ಹೊತ್ತಿಗೆ ನಾವು ಎಣಿಸದೇ ಇದ್ದದ್ದು ನಡೆಯಿತು. ಖಟಕ ಚಿಂಚೋಳಿಯ ಕಡೆಯಿಂದ ಎರಡು ಟೆಂಪೋ ತುಂಬ ಜನ ಬಂದಿಳಿದರು. ತೊಗರಿಯ ಚೀಲ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿಗಳು, ಒಂದು ಆಡು, ಅದರ ಕೊರಳಲ್ಲಿ ಚೆಂಡುಹೂವಿನ ಮಾಲೆ. ಕೂರಲು ಜಾಗವಿಲ್ಲದೆ ಜನ ಗೋಡೆಗೆ ಒರಗಿ ನಿಂತರು. ಆಡು ಹಾಡಿನ ನಡುವೆ ತನ್ನ ದನಿಯನ್ನೂ ಸೇರಿಸಿತು. ಭೋಜನದ ಹೊತ್ತಿಗೆ ಇನ್ನೂ ಎರಡು ಸಾಲು ಉಳಿದಿರುವಾಗಲೇ ರೊಟ್ಟಿ ಮುಗಿಯಿತು. ಹಿರಿಯ ಪಾದ್ರಿಗಳು ಖಾಲಿ ತಟ್ಟೆ ನೋಡಿದರು, ನಮ್ಮ ಪಾದ್ರಿಗಳು ನನ್ನನ್ನು ನೋಡಿದರು, ನಾನು ಹಾರ್ಮೋನಿಯಂ ನೋಡಿದೆ.

ಆಗ ಆಯಿ ಬರಿಗಾಲಲ್ಲಿ, ಬೋಗುಣಿ ಹಿಡಿದುಕೊಂಡು, ನಡುವಿನ ದಾರಿಯಲ್ಲಿ ನಿಧಾನಕ್ಕೆ ನಡೆದು ಬಂದರು. ಹಿರಿಯ ಪಾದ್ರಿಗಳು ಬಟ್ಟೆ ಸರಿಸಿ ನೋಡಿ, ಇದೇನಮ್ಮ ಎಂದು ಕೇಳಿದರು.

"ಅದೇ ರೊಟ್ಟಿರಿ ಸಾಬ್ರೆ, ಅದರ ಅಂಚು," ಅಂದರು ಆಯಿ. "ಹ್ಯಾಂಗೂ ನೀವು ಮುರಿಯೋದೇ ಅಲ್ಲೇನ್ರಿ."

ಹಿರಿಯ ಪಾದ್ರಿಗಳು ಗಡ್ಡದೊಳಗೇ ನಕ್ಕರು. ಬೋಗುಣಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹಂಚತೊಡಗಿದರು. ಉಳಿದ ಎರಡು ಸಾಲಿಗೂ ಅಂಚು ಸಾಕಾಯಿತು. ನಾನು ತಲೆ ತಗ್ಗಿಸಿ ನುಡಿಸುತ್ತಿದ್ದೆ.

ಇದ್ದಕ್ಕಿದ್ದಂತೆ ಸ್ವರ ನಿಂತಿತು. ನೋಡಿದರೆ ಹಾರ್ಮೋನಿಯಮ್ಮಿನ ಗಾಳಿ ಹಾಕುವ ಹಲಗೆಯ ಮೇಲೆ ಸೊಟ್ಟ ಬೆರಳಿನ ಕೈ. ಇಡೀ ಚರ್ಚು ನಮ್ಮ ಕಡೆ ತಿರುಗಿತು.

"ಏಳು ಪಮ್ಮಿ," ಅಂದರು ಆಯಿ, ಹಾಸ್ಟೆಲಿನ ಅದೇ ದನಿಯಲ್ಲಿ. "ಉಣ್ಲಾಕ ಏಳು."

ಹೋದೆ. ಒಬ್ಬಳೇ ಮಂಡಿಯೂರಿ ಎರಡೂ ಕೈ ಚಾಚಿದೆ. ಬೋಗುಣಿಯಲ್ಲಿ ಒಂದೇ ತುಂಡು ಉಳಿದಿತ್ತು. ಒಂದು ಕಡೆ ಗರಿಗರಿ ಕಂದು, ಇನ್ನೊಂದು ಕಡೆ ನನ್ನದೇ ಚಾಕುವಿನ ಗೆರೆ. ಬೆಳಿಗ್ಗೆ ದೇವರ ಮೇಜಿಗೆ ಯೋಗ್ಯವಲ್ಲವೆಂದು ನಾನು ಕತ್ತರಿಸಿ ಮೂಲೆಗೆ ಸರಿಸಿದ್ದ ಮೂಗು, ನಿನಗಾಗಿ ಮುರಿಯಲ್ಪಟ್ಟದ್ದು ಎಂಬ ಮಾತಿನೊಂದಿಗೆ ನನ್ನ ಅಂಗೈಗೆ ಬಂದು ಕೂತಿತು. ತಿಂದೆ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು, ಎರಡನ್ನೂ ತಡೆಯಲಾಗಲಿಲ್ಲ. ಹಿಂದಿನಿಂದ ಆಡು ಮತ್ತೊಮ್ಮೆ ಕೂಗಿತು. ನನ್ನ ಜೀವನದಲ್ಲಿ ಅಷ್ಟು ಹಗುರವಾದ ದಿನ ಇನ್ನೊಂದಿಲ್ಲ.

ಮರುದಿನ ನೋಟುಬುಕ್ಕನ್ನು ಆಯಿಯ ಮುಂದೆ ಇಟ್ಟು, ಹರಿದು ಒಲೆಗೆ ಹಾಕಿಬಿಡಿ ಎಂದೆ. ಅವರು ಹಾಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಕಾಗದ ದಪ್ಪಗಿದೆ, ಸುಡುವುದು ಬೇಡ ಅಂದರು. ಅವತ್ತಿನಿಂದ ನನ್ನ ತಪ್ಪುಗಳ ಹಾಳೆಗಳು ಒಂದೊಂದಾಗಿ ಅವರ ಮಿಶ್ರಿಯ ಪೊಟ್ಟಣಗಳಾದವು. ಯಾವ ಹಾಳೆಯಲ್ಲಿ ಏನಿದೆಯೆಂದು ಅವರು ಒಮ್ಮೆಯೂ ಕೇಳಲಿಲ್ಲ.

ನನ್ನ ರೋಗ ಅಲ್ಲಿಗೇ ಪೂರ್ತಿ ವಾಸಿಯಾಯಿತು ಅಂದರೆ ಸುಳ್ಳಾಗುತ್ತದೆ. ಇವತ್ತಿಗೂ ತರಗತಿಯ ಕರಿಹಲಗೆಯ ಮೇಲೆ ಗೆರೆ ಸೊಟ್ಟ ಬಂದರೆ ಅಳಿಸಿ ಮತ್ತೆ ಎಳೆಯುತ್ತೇನೆ. ಮಧ್ಯೆ ಒಮ್ಮೆ ಹೊಸ ನೋಟುಬುಕ್ಕನ್ನೂ ಶುರು ಮಾಡಿದ್ದೆ, ಐದನೇ ಹಾಳೆಗೆ ನಿಲ್ಲಿಸಿದೆ. ಆದರೆ ಮೊದಲ ಭಾನುವಾರ ರೊಟ್ಟಿ ಬಿಡಲಿಲ್ಲ. ಏಳಲು ತಡಮಾಡಿದರೆ ಹಿಂದಿನ ಬೆಂಚಿನಿಂದ ಆಯಿ ಕೆಮ್ಮುತ್ತಿದ್ದರು.

ಹೋದ ವರ್ಷದ ಉಪವಾಸ ಕಾಲದಲ್ಲಿ ಆಯಿ ಹಾಸಿಗೆ ಹಿಡಿದರು. ವಯಸ್ಸು ಎಂಬತ್ತು ದಾಟಿತ್ತು. ಕೊನೆಯ ಸಲ ನಾನು ಹೋದಾಗ ದನಿ ಬಹಳ ಇಳಿದಿತ್ತು, ಕಣ್ಣಿನ ತುಂಟತನ ಮಾತ್ರ ಹಾಗೇ ಇತ್ತು. ಬರುವ ಭಾನುವಾರದ ರೊಟ್ಟಿ ನೀನೇ ಮಾಡಬೇಕು ಅಂದರು. ನನಗೆ ನಿಮ್ಮ ಹಾಗೆ ಬರುವುದಿಲ್ಲ ಆಯಿ ಎಂದೆ.

"ನನ್ನಂಗ ಯಾಕ ಬರಬೇಕು? ನಿನ್ನಂಗ ಬರ್ಲಿ," ಅಂದರು. ಸ್ವಲ್ಪ ಸುಧಾರಿಸಿಕೊಂಡು, ಯಾರೂ ಕೇಳದಿದ್ದರೂ, ಈ ವರ್ಷ ಮಿಶ್ರಿ ಬಿಟ್ಟಂಗೇ ಅದ ಎಂದೂ ಹೇಳಿದರು.

ಎರಡು ದಿನಕ್ಕೆ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮೇಲೆ ಹಾಸಿಗೆ ಸುತ್ತುತ್ತಿದ್ದ ಸುಮಿತ್ರಕ್ಕ ದಿಂಬಿನ ಕೆಳಗಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಬಿಚ್ಚಿದೆ. ಅರ್ಧ ಖಾಲಿಯಾದ ಮಿಶ್ರಿ. ಕಾಗದದ ಮೇಲೆ ನನ್ನ ಕೈಬರಹ, ಪ್ರಾರ್ಥನೆಯಲ್ಲಿ ಮನಸ್ಸು ಅಲೆಯಿತು, ಪಕ್ಕದಲ್ಲಿ ಕೆಂಪು ಶಾಯಿಯ ನಾಲ್ಕು. ಅದರ ಮೇಲೆಲ್ಲ ಕರಿ ಪುಡಿಯ ಬೆರಳ ಗುರುತು. ಆ ವರ್ಷವೂ ಬಿದ್ದಿದ್ದರು, ಬಿದ್ದುಕೊಂಡೇ ಸ್ವಾಮಿಯ ಹತ್ತಿರ ಹೋಗಿದ್ದರು. ಅವರನ್ನು ಬಾಗಿಲಲ್ಲಿ ಯಾರಾದರೂ ತಡೆದಿರುತ್ತಾರೆಂದು ನನಗೆ ಒಂದು ಚೂರೂ ಅನ್ನಿಸಲಿಲ್ಲ. ಸಾವಿನ ಮನೆ ಎಂಬುದನ್ನೂ ಮರೆತು ನಕ್ಕುಬಿಟ್ಟೆ. ಸುಮಿತ್ರಕ್ಕ ಇಣುಕಿ ನೋಡಿ, ಅಳುತ್ತಲೇ ತಾನೂ ನಕ್ಕಳು.

ಆ ಭಾನುವಾರ ನಸುಕಿನಲ್ಲೇ ಎದ್ದು ಹಿಟ್ಟು ನಾದಿದೆ. ನನ್ನ ಬೆರಳುಗಳು ನೆಟ್ಟಗಿವೆ, ರೊಟ್ಟಿ ದುಂಡಗೇ ಬಂದವು. ಬೇಕಂತಲೇ ಮೂಗು ಎಳೆಯಲು ಹೋಗಲಿಲ್ಲ. ಕೊನೆಯ ರೊಟ್ಟಿ ಹಂಚಿಗೆ ಹಾಕಿ, ಪಕ್ಕದ ಒಲೆಯಲ್ಲಿ ಹಾಲಿಟ್ಟು, ಬಾಯಿಬಿಟ್ಟು ಪ್ರಾರ್ಥನೆ ಮಾಡುತ್ತ ಕೂತೆ. ಸುಮಿತ್ರಕ್ಕನ ಹೆಸರು ಹೇಳುತ್ತಿದ್ದಾಗ ಹಾಲಿನ ವಾಸನೆ ಬಂತು. "ಸ್ವಾಮಿ, ಜರಾ ತಡೀರಿ," ಎಂದು ಧಾವಿಸಿ ಹಾಲು ಇಳಿಸಿದೆ. ಹೇಳಿದ ಮಾತು ಕಿವಿಗೆ ಬಿದ್ದು ನನಗೇ ನಗು ಬಂತು. ನಗುತ್ತ ನಿಂತಿರುವಷ್ಟರಲ್ಲಿ ಇತ್ತ ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರ್ರಗಾಯಿತು.

ಹಿಟ್ಟು ಇತ್ತು, ಹೊತ್ತೂ ಇತ್ತು. ಇನ್ನೊಂದು ಮಾಡಬಹುದಿತ್ತು. ಮಾಡಲಿಲ್ಲ. ಸುಟ್ಟದ್ದನ್ನು ಎಲ್ಲಕ್ಕಿಂತ ಮೇಲಿಟ್ಟು ಬಟ್ಟೆ ಸುತ್ತಿದೆ.

ಪಾದ್ರಿಗಳು ಮೊದಲು ಎತ್ತಿದ್ದು ಅದನ್ನೇ. ಮುರಿದಾಗ ಕರಿಪುಡಿ ಬಿಳಿ ಬಟ್ಟೆಯ ಮೇಲೆ ಉದುರಿತು. ಸಾಲುಗಳು ಮುಂದೆ ಹೋದವು, ಮಂಡಿಯೂರಿದವು, ಎದ್ದವು. ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿಸಲಿಲ್ಲ. ನಾನು ಹಾರ್ಮೋನಿಯಂ ಮುಚ್ಚಿ, ಯಾರೂ ಕರೆಯದೆ, ಉಣ್ಣಲಿಕ್ಕೆ ಎದ್ದೆ.